ದವಡೆಯ ಕೀಲುಬೇನೆ ಮತ್ತು ಅದರ ಶಮನೋಪಾಯಗಳು

ನಮ್ಮ ದೇಹದ ಕೀಲುಗಳಲ್ಲಿ ದವಡೆಯ ಕೀಲಿಗೆ ದೊರೆಯುವಷ್ಟು ಅಲ್ಪ ವಿಶ್ರಾಂತಿ ಮತ್ತೊಂದಕ್ಕೆ ದೊರೆಯುವುದು ವಿರಳ. ಉಣ್ಣುವಾಗ, ಮಾತನಾಡುವಾಗ, ಆಕಳಿಸುವಾಗ ಅದು ದುಡಿಯಲೇಬೇಕು. ಇಂತಹ ಕೀಲು ನೊಂದಿತೆಂದರೆ ಉಣ್ಣುವ ತುತ್ತೇ ಭಾರವಾಗುವುದು. ಗದಗ ಸೀಮೆಯ ಅಂತೂರ ಬೆಂತೂರದಂತಹ ಊರುಗಳಲ್ಲಿ ಈ ಬೇನೆಯು ಬೇಗನೆ ಅರಿವಿಗೆ ಬರುವುದು ಸಹಜ. ಅಲ್ಲಿಯ ಜನರ ನಿತ್ಯದ ಆಹಾರವೇ ಜೋಳದ ರೊಟ್ಟಿ. ಅದರ ಜೊತೆಗೆ ಖಡಕ್ ರೊಟ್ಟಿ, ಹುರಿದ ಶೇಂಗಾ, ಸುಗ್ಗಿಯಲ್ಲಿ ಕಬ್ಬು. ಇವೆಲ್ಲವೂ ಗಟ್ಟಿಮುಟ್ಟಾದ ದವಡೆಗೆ ಸವಿಯೂಟ, ನೊಂದ ದವಡೆಗೆ ಶಿಕ್ಷೆ.

ಕಿವಿಯ ಮುಂಭಾಗದಲ್ಲಿ ಬೆರಳಿಟ್ಟು ಬಾಯಿ ತೆರೆದು ಮುಚ್ಚಿದರೆ ಕೀಲು ಅಲುಗುವುದು ಬೆರಳಿಗೆ ತಿಳಿಯುವುದು. ಇದು ಬಾಗಿಲಿನ ತಿರುಗಣಿಯಂತೆ ತಿರುಗುವುದಲ್ಲದೆ ಮುಂದಕ್ಕೆ ಜಾರುವುದೂ ಉಂಟು. ಎರಡು ಎಲುಬುಗಳ ನಡುವೆ ತೆಳುವಾದ ಮೆತ್ತೆಯೊಂದಿದೆ. ಆ ಮೆತ್ತೆ ಸರಿದಾಗ ‘ಟಕ್’ ಎಂಬ ಸಪ್ಪಳವಾಗುವುದು. ಬೇನೆಯಿಲ್ಲದ ಬರಿಯ ಸಪ್ಪಳಕ್ಕೆ ಚಿಕಿತ್ಸೆಯ ಅವಶ್ಯಕತೆಯಿಲ್ಲ. ಅನೇಕರಲ್ಲಿ ಬೇನೆಯು ಕೀಲಿಗಿಂತ ಹೆಚ್ಚಾಗಿ ಅದನ್ನು ಎಳೆಯುವ ಸ್ನಾಯುಗಳಲ್ಲಿಯೇ ಇರುತ್ತದೆ. ನಿದ್ರೆಯಲ್ಲಿ ಹಲ್ಲು ಕಡಿಯುವುದು, ಚಿಂತೆಯಲ್ಲಿ ಹಲ್ಲು ಬಿಗಿಹಿಡಿಯುವುದು, ಪೆಟ್ಟು, ಸಂಧಿವಾತ ಮೊದಲಾದವು ಇದರೊಡನೆ ಕಾಣಬರುತ್ತವೆ. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಹೆಚ್ಚು.

ಈ ಬೇನೆ ಬಹು ಮೋಸಗಾರ. ಕೀಲಿನಲ್ಲಿ ಹುಟ್ಟಿ ಕಿವಿಯಲ್ಲಿ, ಕಣತಲೆಯಲ್ಲಿ, ದವಡೆಹಲ್ಲಿನಲ್ಲಿ ತೋರುವುದು. ಕಿವಿನೋವೆಂದು ಎಣ್ಣೆ ಬಿಡುವವರುಂಟು. ಹಲ್ಲುಬೇನೆಯೆಂದು ನೆಟ್ಟಗಿದ್ದ ಹಲ್ಲನ್ನೇ ಕೀಳಿಸಿಕೊಳ್ಳುವವರೂ ಉಂಟು. ಹಲ್ಲು ಹೋದ ಮೇಲೂ ಬೇನೆ ನಿಲ್ಲುವುದಿಲ್ಲ. ಹೋದ ಹಲ್ಲು ಮರಳಿ ಬರುವುದೂ ಇಲ್ಲ. ಆದಕಾರಣ ದಂತವೈದ್ಯರು ಹಲ್ಲನ್ನು ಪರೀಕ್ಷಿಸಿ ದೋಷವನ್ನು ನಿಶ್ಚಯಿಸುವವರೆಗೆ ಕೀಳಿಸುವ ಮಾತನ್ನೇ ಎತ್ತತಕ್ಕದ್ದಲ್ಲ.

ಮೊದಲನೆಯ ಉಪಚಾರವು ಮನೆಯಲ್ಲಿಯೇ ಇದೆ. ಬೇನೆ ಹೆಚ್ಚಿದ್ದಾಗ ಕೆಲವು ದಿನ ನುಚ್ಚು, ಸಂಗಟಿ, ಮೆತ್ತಗಿನ ಅನ್ನ, ಹಾಲಿನಲ್ಲಿ ನೆನೆಸಿದ ರೊಟ್ಟಿ ಇವನ್ನು ಸಣ್ಣ ತುತ್ತು ಮಾಡಿ ಉಣ್ಣಬೇಕು. ಗೃಹಿಣಿಯರು ರೋಗಿಗೆಂದು ಬೇರೆ ಅಡಿಗೆ ಹೂಡಬೇಕಾಗಿಲ್ಲ. ಮನೆಯ ಅಡಿಗೆಯನ್ನೇ ಮೆತ್ತಗೆ ಮಾಡಿದರೆ ಸಾಕು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ, ಚರ್ಮ ಸುಡದಂತೆ, ಕಾಲು ತಾಸು ಕಾವು ಕೊಡಬೇಕು. ಆಕಳಿಕೆ ಬಂದಾಗ ಗದ್ದಕ್ಕೆ ಮುಷ್ಟಿಯನ್ನು ಆನಿಸಬೇಕು. ತುಟಿ ಕೂಡಿರಲಿ, ಹಲ್ಲು ಅಗಲಿರಲಿ ಎಂಬುದನ್ನು ಕೆಲಸದ ನಡುನಡುವೆ ನೆನೆಯಬೇಕು. ಏಕೆಂದರೆ ಅಗಿಯದ ಹೊತ್ತಿನಲ್ಲಿ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಸೋಂಕಿರಕೂಡದು. ನಾಲಗೆಯ ತುದಿಯನ್ನು ಅಂಗಳಕ್ಕೆ ತಾಗಿಸಿ, ಅದು ಜಾರದಷ್ಟೇ ಬಾಯನ್ನು ಮೆಲ್ಲನೆ ತೆರೆದು ಮುಚ್ಚುವುದು ಒಳ್ಳೆಯ ವ್ಯಾಯಾಮ. ಬೇನೆ ಹೆಚ್ಚಿದರೆ ನಿಲ್ಲಿಸತಕ್ಕದ್ದು. ನೋವಿನ ಗುಳಿಗೆಗಳನ್ನು ವೈದ್ಯರನ್ನು ಕೇಳಿ, ಕೆಲವೇ ದಿನ ಸೇವಿಸಬೇಕು. ಮೂತ್ರಪಿಂಡ ಇಲ್ಲವೆ ಜಠರದ ವ್ಯಾಧಿಯುಳ್ಳವರೂ ಗರ್ಭಿಣಿಯರೂ ವಿಶೇಷವಾಗಿ ಎಚ್ಚರದಿಂದಿರಬೇಕು.

ಬೇನೆಯು ಮೂರು ತಿಂಗಳು ಮೀರಿ ನಿಂತರೆ ಏನು ಮಾಡಬೇಕು? 2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಎಂಬ ಪತ್ರಿಕೆಯು ತಜ್ಞರ ಸೂಚನೆಗಳನ್ನು ಪ್ರಕಟಿಸಿತು. ತಿಳಿದವರ ಮೇಲ್ವಿಚಾರಣೆಯಲ್ಲಿ ದವಡೆಯ ವ್ಯಾಯಾಮ, ಕುತ್ತಿಗೆ ಬೆನ್ನುಗಳ ನಿಲುವನ್ನು ತಿದ್ದುವ ವ್ಯಾಯಾಮ, ಕೈಯಿಂದ ಸ್ನಾಯುಗಳನ್ನು ಸಡಿಲಿಸುವ ಚಿಕಿತ್ಸೆ, ನೋವನ್ನು ಎದುರಿಸುವ ಮನೋಚಿಕಿತ್ಸೆ ಇವುಗಳನ್ನೇ ಅವರು ಬಲವಾಗಿ ಸಮರ್ಥಿಸಿದ್ದಾರೆ. ಹಲ್ಲಿಗೆ ತೊಡಿಸಿ ತೆಗೆಯಬಹುದಾದ ಕವಚವನ್ನೂ, ಸೂಜಿಯಿಂದ ಕೀಲನ್ನು ತೊಳೆಯುವ ಕ್ರಮವನ್ನೂ ಬೇನೆಗಾಗಿ ಸಾಮಾನ್ಯವಾಗಿ ಬಳಸುವುದು ಬೇಡವೆಂದಿದ್ದಾರೆ. ಹಲ್ಲಿನ ಸವೆತವನ್ನು ತಡೆಯಲು ಕವಚ ಕೊಡುವ ಮಾತು ಬೇರೆ. ನಡುವಿನ ಮೆತ್ತೆಯನ್ನು ಕೊಯ್ದು ತೆಗೆಯುವುದನ್ನಂತೂ ಬಲವಾಗಿ ವಿರೋಧಿಸಿದ್ದಾರೆ. ಇದರಲ್ಲಿ ಹಿಂದಿನ ಕಹಿ ಪಾಠವೂ ಅಡಗಿದೆ. 1980ರ ದಶಕದಲ್ಲಿ ಅಮೇರಿಕೆಯಲ್ಲಿ ಹಲವರ ಕೀಲುಗಳಲ್ಲಿ ಟೆಫ್ಲಾನಿನ ಕೃತಕ ಮೆತ್ತೆಯನ್ನು ಕೂಡಿಸಿದರು. ಅದು ಒಳಗೆ ಪುಡಿಯಾಗಿ ಎಲುಬನ್ನೇ ಸವೆಯಿಸಿತು. ಕೊನೆಗೆ ಸರಕಾರವು ಅದನ್ನು ಹಿಂದೆ ತೆಗೆಯಿಸಬೇಕಾಯಿತು. ಕೀಲು ಬೆಸೆದುಹೋದುದೇ ಮೊದಲಾದ ಕೆಲವು ಪ್ರಸಂಗಗಳಲ್ಲಿ ಶಸ್ತ್ರಕ್ರಿಯೆ ಅವಶ್ಯವೇ ಸರಿ. ಆದರೆ ಬರಿಯ ಬೇನೆಗೆ ಅದು ಮೊದಲ ಮೆಟ್ಟಿಲಲ್ಲ.

ಇನ್ನೊಂದು ಮಾತನ್ನು ಮನೆಯ ಹಿರಿಯರು ಮರೆಯಕೂಡದು. ಅಡಿಕೆ, ಗುಟಕಾ ಜಗಿಯುವವರ ಬಾಯಿ ದಿನದಿನಕ್ಕೆ ಕಿರಿದಾಗುತ್ತ, ಖಾರ ತಾಗಿದರೆ ಉರಿಯುತ್ತಿದ್ದರೆ ಅದು ಕೀಲುಬೇನೆಯಾಗಿರಲಿಕ್ಕಿಲ್ಲ. ಕಪಾಳದ ಒಳಪೊರೆ ನಾರುಗಟ್ಟುವ ರೋಗವಾಗಿರಬಹುದು. ಅದು ಅರ್ಬುದಕ್ಕೆ ತಿರುಗುವ ಭಯವುಂಟು. ಕರ್ನಾಟಕದಲ್ಲಿ 2013ರಲ್ಲಿ ಗುಟಕಾ ನಿಷೇಧವಾಯಿತಾದರೂ ಜಗಿಯುವ ಚಟಕ್ಕೆ ನಿಷೇಧ ಬೀಳಲಿಲ್ಲ. ತನ್ನ ಮೂರು ಬೆರಳುಗಳನ್ನು ಒಂದರ ಮೇಲೊಂದರಂತೆ ಬಾಯಲ್ಲಿ ಹಿಡಿಸಲಾರದವನು ಅಡಿಕೆಯನ್ನು ಬಿಟ್ಟು, ತಡಮಾಡದೆ ವೈದ್ಯರಿಗೆ ಬಾಯಿ ತೋರಿಸಬೇಕು.

ದವಡೆಯ ಬೇನೆಯೊಡನೆ ಎದೆ ಬಿಗಿದು ಬೆವರು ಬಂದರೆ ಅದು ಹೃದಯದ ಆಘಾತವಿರಬಹುದು. ಗಾಯವಾದ ಮೇಲೆ ದವಡೆ ಕಚ್ಚಿಕೊಂಡರೆ ಧನುರ್ವಾಯುವಿನ ಶಂಕೆ. ಐವತ್ತು ದಾಟಿದವರಿಗೆ ಕಣತಲೆ ನೊಂದು ದೃಷ್ಟಿ ಮಂದವಾದರೆ ಕಣ್ಣಿಗೇ ಅಪಾಯ. ಜ್ವರದೊಡನೆ ಮುಖ ಬಾತರೆ, ಇಲ್ಲವೆ ತೆರೆದ ಬಾಯಿ ಮುಚ್ಚದೆ ನಿಂತರೆ, ಮನೆಮದ್ದಿಗೆ ಕಾಲವಿಲ್ಲ. ಕೂಡಲೆ ಆಸ್ಪತ್ರೆಗೆ ಒಯ್ಯಬೇಕು.

ಅಂತೂರ ಬೆಂತೂರದವರಿಗೆ ಗದಗದ ಜಿಲ್ಲಾ ಆಸ್ಪತ್ರೆಯುಂಟು. ವಿಶೇಷ ಪರೀಕ್ಷೆ ಬೇಕಾದರೆ ಧಾರವಾಡದ ಸತ್ತೂರಿನಲ್ಲಿ 1986ರಲ್ಲಿ ಸ್ಥಾಪಿತವಾದ ಎಸ್.ಡಿ.ಎಂ. ದಂತ ಮಹಾವಿದ್ಯಾಲಯವುಂಟು. ಅಲ್ಲಿಗೆ ಹೋದವರು ಯಾವ ಚಿಕಿತ್ಸೆಗಾದರೂ ಒಪ್ಪುವ ಮೊದಲು, “ಇದರಿಂದ ಗುಣ ಬಾರದಿದ್ದರೆ ಮೊದಲಿನಂತೆ ಮಾಡಲು ಬರುವುದೇ?” ಎಂದು ಕೇಳತಕ್ಕದ್ದು. ಬಾರದೆಂದು ಉತ್ತರ ಬಂದರೆ, ಮತ್ತೊಬ್ಬ ವೈದ್ಯರ ಅಭಿಪ್ರಾಯವನ್ನು ಪಡೆದು ಮುಂದುವರಿಯುವುದೇ ಜಾಣತನ. ಬಹುಜನರಿಗೆ ಮೆತ್ತನೆಯ ಊಟ, ಕಾವು, ವ್ಯಾಯಾಮ ಮತ್ತು ತಾಳ್ಮೆ ಇವುಗಳಿಂದಲೇ ಬೇನೆಯು ಇಳಿದು, ರೊಟ್ಟಿಯ ಸವಿ ಮರಳಿ ದೊರೆಯುವುದು.