ಸಕ್ಕರೆ ಕಾಯಿಲೆಯ ಬೇರು ತಾಯಿಯ ಗರ್ಭದಲ್ಲೇ!

ಮಂಡ್ಯ ಸೀಮೆಯಲ್ಲಿ ಯಾರಿಗಾದರೂ ಶುಗರ್ ಬಂತು ಅಂದ್ರೆ ಮೊದಲು ಬೈಸಿಕೊಳ್ಳೋದು ಕಾಫಿ, ಬೆಲ್ಲ, ಮೈಸೂರು ಪಾಕು. ಆದರೆ ಕಾಯಿಲೆಯ ಬೇರು ಗರ್ಭದವರೆಗೂ ಹೋಗಬಹುದೆಂದು ತೋರಿಸಿದ್ದು ಪಕ್ಕದ ಮೈಸೂರಿನ ಸಂಶೋಧನೆ.

ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದಲೇ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತಿದ್ದರು. ದೊಡ್ಡವರಾದ ಆ ಕೂಸುಗಳನ್ನು 1990ರ ದಶಕದಲ್ಲಿ ಹುಡುಕಿ ಪರೀಕ್ಷಿಸಲಾಯಿತು. ಹುಟ್ಟುವಾಗ ಗಿಡ್ಡಗೆ, ದಪ್ಪಗೆ ಇದ್ದವರಲ್ಲೇ ಮಧುಮೇಹ ಹೆಚ್ಚು!

1997-98ರಲ್ಲಿ ಅಲ್ಲೇ 'ಪಾರ್ಥೆನಾನ್' ಅಧ್ಯಯನ ಶುರುವಾಯಿತು. ಗರ್ಭಿಣಿಯರಿಗೆ ಗ್ಲೂಕೋಸ್ ನೀರು ಕುಡಿಸಿ ರಕ್ತ ನೋಡಿದರೆ 100ಕ್ಕೆ 6 ಮಂದಿಗೆ ಬಸುರಿನ ಶುಗರ್. ಅವರ ಮಕ್ಕಳಿಗೆ ಒಂಬತ್ತೂವರೆ ವರ್ಷವಾದಾಗ ನೋಡಿದರೆ, ಉಳಿದವರಿಗಿಂತ ಮೈಯಲ್ಲಿ ಕೊಬ್ಬು ಹೆಚ್ಚು.

ಕಾರಣವಿಷ್ಟೆ: ತಾಯಿಯ ರಕ್ತದ ಸಕ್ಕರೆ ಮಾಸು ದಾಟಿ ಕೂಸಿಗೂ ಹೋಗುತ್ತದೆ. ತಾಯಿಯ ಇನ್ಸುಲಿನ್ ದಾಟದು. ಕೂಸೇ ಹೆಚ್ಚು ಇನ್ಸುಲಿನ್ ಸುರಿಸಬೇಕು, ಅದರಿಂದ ಕೊಬ್ಬು ಸೇರುತ್ತದೆ.

ಈ ಶುಗರ್ ಬಹಳ ಸಲ ಲಕ್ಷಣವನ್ನೇ ತೋರದು. "ನಮ್ಮುಡುಗಿ ಗಟ್ಟಿಮುಟ್ಟಾಗವ್ಳೆ" ಎಂದರೆ ಸಾಲದು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ - ಊರು ಯಾವುದಾದರೂ, ಬಸುರಿಯ ಮೊದಲ ತಪಾಸಣೆಯಲ್ಲೂ, ಮತ್ತೆ 24ರಿಂದ 28ನೇ ವಾರದೊಳಗೂ ಈ ಪರೀಕ್ಷೆ ಆಗಬೇಕೆಂಬುದು ಕೇಂದ್ರ ಸರ್ಕಾರದ ಮಾರ್ಗಸೂಚಿ. 75 ಗ್ರಾಂ ಗ್ಲೂಕೋಸ್ ಕುಡಿದ 2 ಗಂಟೆಗೆ ಸಕ್ಕರೆ 140 ಮುಟ್ಟಿದರೆ ಎಚ್ಚರ! ಹಲವರಿಗೆ ಊಟದ ಪಥ್ಯ, ನಡಿಗೆಯಲ್ಲೇ ಹತೋಟಿಗೆ ಬರುತ್ತದೆ. ಬಾರದಿದ್ದರೆ ಔಷಧಿ ಉಂಟು.

2 ಗಂಟೆ ಕಾಯೋಕೆ ಬೇಜಾರಾಗಿ ಬಸ್ಸು ಹತ್ತಿಬಿಟ್ಟರೆ, ಆ ಸಾಲ ತೀರಿಸಬೇಕಾದ್ದು ಹುಟ್ಟುವ ಮಗು.