ಗಂಟು ಕಂಡಾಗ ಸುಮ್ಮನಿದ್ದು, ಬಿಲ್ ಬಂದಾಗ ಪಟ್ಟಿ ಎತ್ತುವ ನಾವು

ಸ್ತನ ಕ್ಯಾನ್ಸರ್ ಬಂದವರಿಗೆ ಊರು ಸೇರಿ ಹಣ ಕೂಡಿಸುವುದು ಒಳ್ಳೆಯ ಕೆಲಸವೇ. ಆದರೆ ಆ ಹಣ ಯಾವಾಗ ಬರಬೇಕು, ಎಲ್ಲಿಗೆ ಹೋಗಬೇಕು? ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಒಂದು ಲೆಕ್ಕಾಚಾರ.

ಇಂಥದ್ದೊಂದು ಮೆಸೇಜು ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರುತ್ತದೆ. ಹಾಸಿಗೆಯ ಮೇಲೆ ಮಲಗಿದ ಹೆಣ್ಣುಮಗಳೊಬ್ಬಳ ಫೋಟೊ, ಆಸ್ಪತ್ರೆ ಬರೆದುಕೊಟ್ಟ ಖರ್ಚಿನ ಚೀಟಿ, ಕೆಳಗೆ ಫೋನ್‌ಪೇ ನಂಬರು. 'ದಯವಿಟ್ಟು ಎಲ್ಲಾ ಗ್ರೂಪಿಗೂ ಕಳಿಸ್ರಿ' ಎಂಬ ಕೋರಿಕೆ. ಹತ್ತನೇ ಕ್ಲಾಸಿನ ಗೆಳೆಯರು ನೂರು, ಇನ್ನೂರು ಹಾಕುತ್ತಾರೆ. ಗಣೇಶ ಮಂಡಳಿಯವರು ಉಳಿದ ದುಡ್ಡು ಕೊಡುತ್ತಾರೆ. ಮಸೀದಿಯ ಕಮಿಟಿ ಜಕಾತ್‌ನಿಂದ ಒಂದಿಷ್ಟು ಸೇರಿಸುತ್ತದೆ.

ನಮ್ಮ ಕಡೆ ಇದು ಹೊಸದಲ್ಲ. ಜಾತ್ರೆಗೆ, ಗುಡಿ ಕಟ್ಟುವುದಕ್ಕೆ, ಬೆಂಕಿ ಬಿದ್ದ ಮನೆಗೆ ಪಟ್ಟಿ ಎತ್ತುವುದು ಊರಿನ ರೂಢಿ. ಹೊಲದಲ್ಲಿ ಮುಯ್ಯಾಳು, ಕಷ್ಟದಲ್ಲಿ ಪಟ್ಟಿ. ಕನಕದಾಸರ ಬಾಡ, ಶರೀಫರ ಶಿಶುನಾಳ ಇರುವುದು ಶಿಗ್ಗಾಂವಿ ತಾಲ್ಲೂಕಿನಲ್ಲೇ. ಜಾತಿ, ಧರ್ಮ ನೋಡದೆ ಕೈ ಜೋಡಿಸಿ ಅಂತ ಈ ಮಣ್ಣಿಗೆ ಹೊಸದಾಗಿ ಯಾರೂ ಹೇಳಿಕೊಡಬೇಕಿಲ್ಲ.

ತೊಂದರೆ ಇರುವುದು ಸಮಯದಲ್ಲಿ. ಪಟ್ಟಿ ಎತ್ತುವ ಹೊತ್ತಿಗೆ ಕಾಯಿಲೆ ಬಹಳ ದೂರ ಹೋಗಿರುತ್ತದೆ. ಗಂಟು ಕಂಡು ತಿಂಗಳುಗಳಾಗಿರುತ್ತವೆ. ಆಗ ಬೇಕಿದ್ದದ್ದು ಬಸ್ಸಿನ ಖರ್ಚು, ಒಂದೆರಡು ದಿನದ ಕೂಲಿ, ಜೊತೆಗೆ ಬರುವ ಒಬ್ಬರು, ಇಷ್ಟೇ. ಅದನ್ನು ಯಾರೂ ಕೇಳಲಿಲ್ಲ, ಯಾರೂ ಕೊಡಲಿಲ್ಲ.

ತಡವಾದರೆ ಏನಾಗುತ್ತದೆ?

ಗ್ಲೋಬೊಕಾನ್ 2022ರ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷದಲ್ಲಿ ಸುಮಾರು 1.92 ಲಕ್ಷ ಮಹಿಳೆಯರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬಂತು, ಸುಮಾರು 98 ಸಾವಿರ ಮಂದಿ ಅದರಿಂದ ಸತ್ತರು. ಅದೇ ವರ್ಷ ಅಮೆರಿಕದಲ್ಲಿ ಹೊಸ ಪ್ರಕರಣ ಸುಮಾರು 2.7 ಲಕ್ಷ, ಸಾವು ಸುಮಾರು 43 ಸಾವಿರ. ಅಲ್ಲಿ ಕಾಯಿಲೆ ಹೆಚ್ಚು, ಸಾವು ಕಡಿಮೆ. ಇಲ್ಲಿ ಕಾಯಿಲೆ ಕಡಿಮೆ, ಸಾವು ಹೆಚ್ಚು.

ಯಾಕೆ ಎಂಬುದಕ್ಕೆ ದೊಡ್ಡ ಉತ್ತರ ನಮ್ಮ ದೇಶದ್ದೇ ಅಂಕಿಗಳಲ್ಲಿದೆ. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದಡಿ ದೇಶದ 11 ಕಡೆ ನಡೆದ, 2024ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಗಂಟು ಸ್ತನದೊಳಗೇ ಇದ್ದಾಗ ಪತ್ತೆಯಾದವರಲ್ಲಿ 100ಕ್ಕೆ ಸುಮಾರು 81 ಮಂದಿ ಐದು ವರ್ಷ ದಾಟಿ ಬದುಕಿದ್ದರು. ಬೇರೆ ಅಂಗಗಳಿಗೆ ಹರಡಿದ ಮೇಲೆ ಪತ್ತೆಯಾದವರಲ್ಲಿ ಹಾಗೆ ಬದುಕಿದ್ದು ಸುಮಾರು 18 ಮಂದಿ. ಅದೇ ಕಾಯಿಲೆ, ಅದೇ ದೇಶ. ಬದಲಾಗಿದ್ದು ಯಾವಾಗ ಗೊತ್ತಾಯಿತು ಎಂಬುದು.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಇದಕ್ಕೊಂದು ಸರಳ ಗುರಿ ಹಾಕಿತು: 60-60-80. 100ರಲ್ಲಿ ಕನಿಷ್ಠ 60 ಪ್ರಕರಣ ಒಂದನೇ ಅಥವಾ ಎರಡನೇ ಹಂತದಲ್ಲೇ ಪತ್ತೆಯಾಗಬೇಕು. ಮೊದಲ ಸಲ ಆಸ್ಪತ್ರೆಗೆ ತೋರಿಸಿದ 60 ದಿನದೊಳಗೆ ಕಾಯಿಲೆ ಏನೆಂದು ಖಚಿತವಾಗಬೇಕು. 100ರಲ್ಲಿ 80 ಮಂದಿಯಾದರೂ ಚಿಕಿತ್ಸೆಯನ್ನು ನಡುವೆ ಬಿಡದೆ ಮುಗಿಸಬೇಕು. ಈ ಮೂರು ಅಂಕಿ ನೆನಪಿಟ್ಟುಕೊಳ್ಳಿ. ಊರಿನ ಹಣ ಎಲ್ಲಿಗೆ ಹೋಗಬೇಕು ಎಂಬ ಉತ್ತರವೂ ಇದರಲ್ಲೇ ಇದೆ.

'ನೋವು ಇಲ್ರಿ, ಹಂಗಾಗಿ ಬಿಟ್ಟಿದ್ವಿ'

ಬಹಳಷ್ಟು ಸಲ ಆರಂಭದ ಗಂಟು ನೋಯುವುದಿಲ್ಲ. ನೋಯದ್ದನ್ನು ತೋರಿಸಲು ಕೆಲಸ ಬಿಟ್ಟು ಹೋಗುವವರು ಯಾರು? ಹತ್ತಿ ಬಿಡಿಸುವ ಕಾಲ, ಮಕ್ಕಳ ಪರೀಕ್ಷೆ, ಅತ್ತೆಯ ಶುಗರ್, ಎಲ್ಲ ಮುಗಿದ ಮೇಲೆ ಅವಳ ಸರದಿ. ಜೊತೆಗೆ ನಾಚಿಕೆ. 'ಎದಿಯೊಳಗ ಗಂಟಾಗೇದ' ಅಂತ ಗಂಡನ ಹತ್ತಿರ ಹೇಳಲಿಕ್ಕೇ ಎಷ್ಟೋ ದಿನ ಬೇಕು. ಇನ್ನು ಗಂಡು ಡಾಕ್ಟರ ಮುಂದೆ ತೋರಿಸುವುದು ದೂರದ ಮಾತು.

ಆಮೇಲೆ ಭಯ. 'ಸೂಜಿ ಚುಚ್ಚಿದರ ಹರಡ್ತದ' ಎಂಬ ಮಾತನ್ನು ಓದಿದವರೂ ಹೇಳುತ್ತಾರೆ. ಇದು ನಿಜವಲ್ಲ. ಬಯಾಪ್ಸಿ ಮಾಡದೆ ಕಾಯಿಲೆ ಯಾವುದು, ಯಾವ ಔಷಧ ಕೊಡಬೇಕು ಎಂದು ತಿಳಿಯುವುದಿಲ್ಲ. ಸ್ತನ ಕ್ಯಾನ್ಸರ್ ಮುಟ್ಟಿದರೆ ಅಂಟುವ ರೋಗವೂ ಅಲ್ಲ. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಆಗಿರುವುದೂ ಇಲ್ಲ. ಆದರೆ ಯಾವುದು ಹೌದು, ಯಾವುದು ಅಲ್ಲ ಎಂದು ಹೇಳಬೇಕಾದ್ದು ಡಾಕ್ಟರೇ ಹೊರತು ಪಕ್ಕದ ಮನೆಯವರಲ್ಲ.

ನೋಡಿಕೊಳ್ಳಬೇಕಾದ ಗುರುತುಗಳು ಇವು: ಸ್ತನದಲ್ಲಿ ಅಥವಾ ಕಂಕುಳಲ್ಲಿ ಗಂಟು, ಆಕಾರ ಇಲ್ಲವೇ ಗಾತ್ರ ಬದಲಾಗುವುದು, ಚರ್ಮ ಕುಳಿ ಬೀಳುವುದು ಅಥವಾ ಕಿತ್ತಳೆ ಸಿಪ್ಪೆಯಂತಾಗುವುದು, ತೊಟ್ಟು ಒಳಕ್ಕೆ ಸರಿಯುವುದು, ತೊಟ್ಟಿನಿಂದ ರಕ್ತ ಬೆರೆತ ನೀರು ಬರುವುದು. ಮನೆಯಲ್ಲಿ ಯಾರಿಗೂ ಇಲ್ಲ ಅಂತ ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ವಂಶದಿಂದ ಬರುವುದು 100ರಲ್ಲಿ 5ರಿಂದ 10 ಪ್ರಕರಣ ಮಾತ್ರ.

ಕಾರ್ಡ್ ಇದ್ದರೂ ಪಟ್ಟಿ ಯಾಕೆ?

'ಸರ್ಕಾರದ ಕಾರ್ಡ್ ಇದೆಯಲ್ಲ' ಎಂಬ ಪ್ರಶ್ನೆ ಬರುತ್ತದೆ. ಹೌದು, ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ 30%, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಆಪರೇಷನ್, ಕಿಮೊ, ನಮ್ಮ ಜನ 'ಕರೆಂಟ್ ಕೊಡೋದು' ಅನ್ನುವ ರೇಡಿಯೇಷನ್ ಎಲ್ಲವೂ ಇದರೊಳಗಿವೆ.

ಹಾಗಾದರೆ ದುಡ್ಡು ಸೋರುವುದು ಎಲ್ಲಿ? ಮೊದಲನೆಯದು, ಕಾಯಿಲೆ ಖಚಿತವಾಗುವ ಮುಂಚೆ. ಕಾರ್ಡಿನ ಲೆಕ್ಕ ಮುಖ್ಯವಾಗಿ ಶುರುವಾಗುವುದು ಆಸ್ಪತ್ರೆಗೆ ದಾಖಲಾದ ಮೇಲೆ; ಕೇಂದ್ರದ ಯೋಜನೆಯ ನಿಯಮದಲ್ಲಿ ದಾಖಲಾತಿಗೆ ಮುಂಚಿನ 3 ದಿನದ ಖರ್ಚಷ್ಟೇ ಸೇರುತ್ತದೆ. ಖಾಸಗಿ ಲ್ಯಾಬುಗಳಲ್ಲಿ ವಾರಗಟ್ಟಲೆ ಅಲೆದು ಮಾಡಿಸಿದ ಸ್ಕ್ಯಾನು, ಮ್ಯಾಮೊಗ್ರಾಮ್, ಬಯಾಪ್ಸಿಯ ಖರ್ಚು ಕೈಯಿಂದಲೇ.

ಎರಡನೆಯದು, ರೆಫರಲ್ ಚೀಟಿ. ತುರ್ತು ಸಂದರ್ಭ ಬಿಟ್ಟರೆ, ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಅಲ್ಲಿಂದ ಚೀಟಿ ಪಡೆದು ಮುಂದೆ ಹೋಗಬೇಕು. ಇದು ಗೊತ್ತಿಲ್ಲದೆ ನೇರವಾಗಿ ದೊಡ್ಡ ಖಾಸಗಿ ಆಸ್ಪತ್ರೆಗೆ ಹೋಗಿ, ಅಡ್ವಾನ್ಸ್ ಕಟ್ಟಿ, ಆಮೇಲೆ 'ಕಾರ್ಡ್ ನಡೀತದೇನ್ರಿ' ಅಂತ ಕೇಳುವವರು ಬಹಳ.

ಮೂರನೆಯದು, ಚಿಕಿತ್ಸೆಯ ಉದ್ದ. ಕಿಮೊ ಎಂದರೆ ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ, ಹಲವು ತಿಂಗಳು. ರೇಡಿಯೇಷನ್ ಎಂದರೆ ವಾರಕ್ಕೆ ಐದು ದಿನದಂತೆ ಮೂರರಿಂದ ಐದು ವಾರ. ಶಿಗ್ಗಾಂವಿಯವರಿಗೆ ಹುಬ್ಬಳ್ಳಿ ಹೆದ್ದಾರಿಯ ದಾರಿ. ಹಿರೇಕೆರೂರಿನ ಹಳ್ಳಿಯಿಂದ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ದಿನಾ ಹೋಗಿ ಬರಲಾಗುವುದಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತ, ಇದು ದೊಡ್ಡ ಆಸರೆ. ಆದರೆ ಉಳಿಯುವ ರೂಮು, ಊಟ, ಜೊತೆಗಿರುವವರ ಕೂಲಿ, ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು? ಇದ್ಯಾವುದೂ ಕಾರ್ಡಿನಲ್ಲಿಲ್ಲ.

ಆಗ ಮೊದಲು ಹೋಗುವುದು ಕೊರಳಲ್ಲಿರುವ ಬಂಗಾರ, ಆಮೇಲೆ ಸಂಘದ ಸಾಲ, ಆಮೇಲೆ ಮೈಕ್ರೋ ಫೈನಾನ್ಸ್. 2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ಮೈಕ್ರೋ ಫೈನಾನ್ಸ್ ಕಿರುಕುಳ ತಾಳಲಾರದೆ ಮುಖ್ಯಮಂತ್ರಿಗೆ ತಾಳಿ ಕಳಿಸುವ ಅಭಿಯಾನ ಮಾಡಿದ್ದು ನೆನಪಿರಲಿ. ಇಂಥ ಜಿಲ್ಲೆಯಲ್ಲಿ ಒಂದು ಕಾಯಿಲೆ ಒಂದು ಮನೆಯನ್ನೇ ಸಾಲದ ಬಾಯಿಗೆ ನೂಕಬಲ್ಲದು.

ಹುಡುಕಿಕೊಂಡು ಹೋದರೆ ಜೀವ ಉಳಿಯುತ್ತದೆ

2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಬಂದದ್ದು ಕಲಬುರಗಿ ಮತ್ತು ಬೆಳಗಾವಿ ವಿಭಾಗಗಳಿಗೆ. ಹಾವೇರಿ ಇರುವುದು ಬೆಳಗಾವಿ ವಿಭಾಗದ ದಕ್ಷಿಣ ತುದಿಯಲ್ಲಿ. ಗಡಿಯ ಈಚೆಗಿನ ಊರುಗಳಿಗೆ ಯೋಜನೆ ಸಿಕ್ಕಿತು, ಆಚೆಗಿನವರಿಗೆ ಆಗ ಇನ್ನೂ ಸಿಕ್ಕಿರಲಿಲ್ಲ. ಎರಡೂ ಬದಿಯ ಒಟ್ಟು 572 ಹಳ್ಳಿಗಳನ್ನು ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆಯಡಿ ಬರುವ ಕ್ಯಾನ್ಸರ್, ಹೃದ್ರೋಗದಂಥ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಾದ ಸಾವು ಯೋಜನೆ ಇದ್ದ ಕಡೆ 64% ಕಡಿಮೆ ಇತ್ತು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಆ ಯೋಜನೆ ಕಾರ್ಡ್ ಕೊಟ್ಟು ಸುಮ್ಮನಾಗಲಿಲ್ಲ. ಹಳ್ಳಿಗಳ ಕಡೆ ಶಿಬಿರ ನಡೆಸಿ, ರೋಗಿಗಳನ್ನು ಗುರುತಿಸಿ, ಆಸ್ಪತ್ರೆಗೆ ಕರೆದೊಯ್ಯುವ ವ್ಯವಸ್ಥೆಯೂ ಅದರಲ್ಲಿತ್ತು.

ಗುಲಾಬಿ ರಿಬ್ಬನ್ನಿಗೂ ಒಂದು ಜಗಳದ ಕತೆಯಿದೆ

ಅಕ್ಟೋಬರ್ ಬಂದರೆ ಕಾಲೇಜುಗಳಲ್ಲಿ ಗುಲಾಬಿ ರಿಬ್ಬನ್, ಜಾಥಾ, ಸೆಲ್ಫಿ. ಈ ರಿಬ್ಬನ್ ಮೊದಲು ಗುಲಾಬಿ ಬಣ್ಣದ್ದಾಗಿರಲಿಲ್ಲ. 1990ರ ದಶಕದ ಶುರುವಿನಲ್ಲಿ ಅಮೆರಿಕದ ಶಾರ್ಲಟ್ ಹೇಲಿ ಎಂಬಾಕೆ ಮನೆಯಲ್ಲೇ ಕುಳಿತು ಪೀಚ್ ಹಣ್ಣಿನ ಬಣ್ಣದ ರಿಬ್ಬನ್ ಮಾಡಿ ಹಂಚುತ್ತಿದ್ದರು. ಜೊತೆಗಿದ್ದ ಕಾರ್ಡಿನಲ್ಲಿ ಇದ್ದದ್ದು ಬಜೆಟ್ಟಿನ ಪ್ರಶ್ನೆ: ಸರ್ಕಾರದ ಕ್ಯಾನ್ಸರ್ ಹಣದಲ್ಲಿ ತಡೆಗಟ್ಟುವುದಕ್ಕೆ ಹೋಗುವುದು 5% ಮಾತ್ರ, ಎಚ್ಚೆತ್ತುಕೊಳ್ಳಿ ಎಂಬ ಕರೆ. ಒಂದು ಪತ್ರಿಕೆ ಮತ್ತು ಸೌಂದರ್ಯ ಸಾಮಗ್ರಿ ಕಂಪನಿ ಆ ರಿಬ್ಬನ್ ಕೇಳಿದಾಗ, ವ್ಯಾಪಾರಕ್ಕೆ ಕೊಡಲ್ಲ ಎಂದರು. ಅವರು ಬಣ್ಣ ಬದಲಿಸಿ 1992ರಲ್ಲಿ ಗುಲಾಬಿ ರಿಬ್ಬನ್ ತಂದರು. ರಿಬ್ಬನ್ ಉಳಿಯಿತು, ಬಜೆಟ್ಟಿನ ಪ್ರಶ್ನೆ ಬಿದ್ದುಹೋಯಿತು.

ನಮ್ಮಲ್ಲಿ ಆಗಬಾರದ್ದು ಇದೇ. ಜಾಥಾ ಮುಗಿದ ಮೇಲೆ ಹೆಣ್ಣುಮಗಳೊಬ್ಬಳು ಬಂದು 'ನನಗೂ ಒಂದು ಗಂಟದ' ಅಂದರೆ, ಮರುದಿನ ಆಕೆ ಎಲ್ಲಿಗೆ, ಯಾರ ಜೊತೆ ಹೋಗಬೇಕು ಎಂದು ಹೇಳಲಾಗದಿದ್ದರೆ ಆ ಜಾಗೃತಿ ಬರೀ ಗಾಬರಿ.

ಆ ದಾರಿ ಕಾಗದದ ಮೇಲೆ ಈಗಾಗಲೇ ಇದೆ. ಕೇಂದ್ರದ 2016ರ ಮಾರ್ಗಸೂಚಿಯಂತೆ 30ರಿಂದ 65 ವರ್ಷದ ಪ್ರತಿ ಮಹಿಳೆಗೂ ಐದು ವರ್ಷಕ್ಕೊಮ್ಮೆ ತರಬೇತಿ ಪಡೆದ ಸಿಬ್ಬಂದಿ ಸ್ತನ ಪರೀಕ್ಷೆ ಮಾಡಬೇಕು. ರಾಜ್ಯದ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಲ್ಲಿ ಶುರುವಾಗಿ ಆಮೇಲೆ ಬೇರೆ ಜಿಲ್ಲೆಗಳಿಗೂ ಬಂತು. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಈ ಪರೀಕ್ಷೆ ಒಮ್ಮೆಯಾದರೂ ಮಾಡಿಸಿಕೊಂಡ 30-49 ವಯಸ್ಸಿನ ಮಹಿಳೆಯರು ದೇಶದಲ್ಲಿ 100ಕ್ಕೆ ಒಬ್ಬರೂ ಇರಲಿಲ್ಲ.

ಕೈಯಿಂದ ಮಾಡುವ ಪರೀಕ್ಷೆಯಿಂದ ಏನಾಗುತ್ತದೆ ಅನ್ನಬೇಡಿ. ಮುಂಬೈಯಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ 1.5 ಲಕ್ಷ ಮಹಿಳೆಯರ ಮೇಲೆ 20 ವರ್ಷ ನಡೆಸಿದ ಅಧ್ಯಯನದಲ್ಲಿ, ಎರಡು ವರ್ಷಕ್ಕೊಮ್ಮೆ ಆರೋಗ್ಯ ಕಾರ್ಯಕರ್ತೆಯರು ಕೈಯಿಂದ ಪರೀಕ್ಷಿಸಿದ್ದಕ್ಕೇ 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು 30% ತಗ್ಗಿತು. 50ರೊಳಗಿನವರಲ್ಲಿ ಸಾವು ಹಾಗೆ ತಗ್ಗಲಿಲ್ಲ, ಆದರೆ ಕಾಯಿಲೆ ಮುಂಚೆಯೇ ಪತ್ತೆಯಾಯಿತು.

ಮನೆ ಬಾಗಿಲಿಗೆ ಹೋಗಿ 'ಯವ್ವಾ, ಎದಿಯೊಳಗ ಏನರ ಗಂಟು ಕಂಡದೇನು' ಅಂತ ಕೇಳುವವರು ಆಶಾ ಕಾರ್ಯಕರ್ತೆಯರು. 2025ರ ಜನವರಿಯಲ್ಲಿ ಅವರು ಗೌರವಧನಕ್ಕಾಗಿ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತಿದ್ದರು. ತಿಂಗಳಿಗೆ ಕನಿಷ್ಠ 10 ಸಾವಿರದ ಭರವಸೆ ಪಡೆದು ಎದ್ದರು. ಅವರ ಹೋರಾಟವೂ ಕ್ಯಾನ್ಸರ್ ಜಾಗೃತಿಯ ಭಾಗವೇ.

ಹಾಗಾದರೆ ಊರಿನ ಹಣ ಎಲ್ಲಿಗೆ?

ಪಟ್ಟಿ ಎತ್ತುವುದನ್ನು ಬಿಡಬೇಕಿಲ್ಲ, ಮುಂಚೆ ಎತ್ತಬೇಕು. ತಾಲ್ಲೂಕಿಗೊಂದು ಸಣ್ಣ ನಿಧಿ ಸಾಕು. ಜಾತ್ರೆ, ಗಣೇಶ ಹಬ್ಬ, ಉರುಸ್, ಮಠದ ದಾಸೋಹ, ಜಕಾತ್, ಎಲ್ಲದರಿಂದ ಒಂದು ಪಾಲು. ಖಾತೆ ಒಬ್ಬರ ಹೆಸರಲ್ಲಿ ಬೇಡ. ಇಬ್ಬರು ಮೂವರ ಸಹಿ ಇರಲಿ, ಅದರಲ್ಲಿ ಹೆಣ್ಣುಮಕ್ಕಳು ಇರಲೇಬೇಕು. ಲೆಕ್ಕ ಪಂಚಾಯಿತಿ ಬೋರ್ಡಿನ ಮೇಲೆ ತಿಂಗಳಿಗೊಮ್ಮೆ ಬರಲಿ.

ಆ ಹಣ ಮೂರಕ್ಕೆ ಹೋಗಲಿ. ಗಂಟು ಕಂಡವಳನ್ನು ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಹಾವೇರಿಗೆ ಅಥವಾ ಹುಬ್ಬಳ್ಳಿಗೆ ಕರೆದೊಯ್ದು, ರೆಫರಲ್ ಚೀಟಿ ಮಾಡಿಸುವ ಒಬ್ಬ ಜೊತೆಗಾತಿಯ ಖರ್ಚಿಗೆ. ಸರ್ಕಾರಿ ಆಸ್ಪತ್ರೆಯಲ್ಲಿ ತಡವಾಗುವಾಗ ಹೊರಗೆ ಮಾಡಿಸಬೇಕಾದ ಬಯಾಪ್ಸಿಗೆ. ಚಿಕಿತ್ಸೆಯ ವಾರಗಳಲ್ಲಿ ರೂಮು, ಊಟ, ಹೋದ ಕೂಲಿಗೆ. 60-60-80ರಲ್ಲಿ ಊರು ಕೈ ಹಾಕಬಹುದಾದ ಜಾಗಗಳು ಇವೇ.

ಇನ್ನೊಂದು ಮಾತು. ಆಕೆಯನ್ನು ಕೇಳದೆ ಫೋಟೊ ಹಾಕಬೇಡಿ. ಕಾಯಿಲೆಯ ಹೆಸರು, ಆಪರೇಷನ್ ವಿವರ ಊರಿನ ಮೊಬೈಲುಗಳಲ್ಲೆಲ್ಲ ಓಡಾಡಿದ ಮೇಲೂ ಆಕೆ ಅದೇ ಊರಿನಲ್ಲಿ ಬದುಕಬೇಕು. ಸಹಾಯ ಪಡೆಯಲು ಮರ್ಯಾದೆ ಅಡವಿಡಬೇಕಾಗಿಲ್ಲ.

ಹಣ ಕೂಡಿಸುವುದರ ಜೊತೆಗೆ ಪ್ರಶ್ನೆಯನ್ನೂ ಕೂಡಿಸಬೇಕು. 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಜಿಲ್ಲಾ ಆರೋಗ್ಯಾಧಿಕಾರಿಯನ್ನು ಕೇಳಿ: ಕಳೆದ ವರ್ಷ ನಮ್ಮ ತಾಲ್ಲೂಕಿನಲ್ಲಿ ಎಷ್ಟು ಮಹಿಳೆಯರಿಗೆ ಸ್ತನ ಪರೀಕ್ಷೆ ಆಯಿತು? ಎಷ್ಟು ಮಂದಿಯಲ್ಲಿ ಅನುಮಾನ ಬಂತು? ಅವರಲ್ಲಿ ಬಯಾಪ್ಸಿವರೆಗೆ ಹೋದವರೆಷ್ಟು, ಎಷ್ಟು ದಿನದಲ್ಲಿ? ರಾಜ್ಯ ಸರ್ಕಾರ 2025ರ ಮೇ ತಿಂಗಳಲ್ಲಿ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಕಿಮೊ ಡೇ-ಕೇರ್ ಘಟಕ ಶುರು ಮಾಡಿತು. ನಮ್ಮ ಹೆಣ್ಣುಮಕ್ಕಳಿಗೆ ಹತ್ತಿರದ ಘಟಕ ಯಾವುದು, ಅಲ್ಲಿ ಹಾಸಿಗೆ ಎಷ್ಟು? ಗ್ರಾಮ ಸಭೆಯಲ್ಲೂ ಇದನ್ನೇ ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.

ಮುಂದಿನ ಸಲ ಗ್ರೂಪಿಗೆ ಅಂಥ ಮೆಸೇಜು ಬಂದಾಗ ಕೈಲಾದಷ್ಟು ಹಾಕಿ. ಅದಕ್ಕೂ ಮುಂಚೆ, ಇವತ್ತು ಸಂಜೆ ಮನೆಗೆ ಹೋದ ಮೇಲೆ ಅವ್ವನನ್ನೋ ಅಕ್ಕನನ್ನೋ ಚಿಗವ್ವನನ್ನೋ ಒಮ್ಮೆ ಕೇಳಿ. ನಾಚಿಕೆ ಆಗುತ್ತದೆ, ಆದರೂ ಕೇಳಿ. ಅದಕ್ಕೆ ಪಟ್ಟಿ ಎತ್ತಬೇಕಾಗಿಲ್ಲ.