ಗೆಂಡೆ ಮೀನಿನ ಚಳಿಗಾಲ

ಪುಷ್ಯ ಮಾಸದ ಮುಂಜಾನೆ ಯಲಹಂಕ ಕೆರೆಯ ಏರಿಯ ಮೇಲೆ ನಡೆಯುವವರ ಕಿವಿಗೆ ಮಫ್ಲರ್ ಸುತ್ತಿರುತ್ತದೆ. ಚಳಿಗೆ ಮನುಷ್ಯ ಎಷ್ಟೇ ನಡುಗಲಿ, ಅವನ ಮೈಯೊಳಗಿನ ಶಾಖ 37 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಇರುತ್ತದೆ. ಮೀನಿಗೆ ಆ ಭಾಗ್ಯವಿಲ್ಲ. ನೀರು ತಣ್ಣಗಾದರೆ ಅದರ ರಕ್ತವೂ ತಣ್ಣಗೆ, ಯಕೃತ್ತೂ ತಣ್ಣಗೆ. ಹಾಗಿದ್ದೂ ಸಾಮಾನ್ಯ ಗೆಂಡೆ ಯೂರೋಪಿನ ಹಿಮಗಾಲವನ್ನೂ ನಮ್ಮ ಬೇಸಿಗೆಯನ್ನೂ ತಾಳಿಕೊಳ್ಳುತ್ತದೆ. ಹೇಗೆ?

ಯಲಹಂಕ ದಾಟಿ ದೊಡ್ಡಬಳ್ಳಾಪುರದ ಕಡೆ ಹೋದರೆ ಮಗ್ಗಗಳ ಸದ್ದು ಕೇಳಿಸುತ್ತದೆ. ಜೀವಕೋಶದಲ್ಲೂ ಅಂಥ ಮಗ್ಗಗಳಿವೆ, ಅವೇ ರೈಬೋಸೋಮುಗಳು. ನೇಯುವುದು ಸೀರೆಯನ್ನಲ್ಲ, ಪ್ರೋಟೀನನ್ನು. ಈ ಮಗ್ಗಗಳನ್ನು ತಯಾರಿಸುವುದೇ ಕೋಶಕ್ಕೆ ಭಾರಿ ಖರ್ಚಿನ ಬಾಬತ್ತು. ಒಂದೇ ನಕ್ಷೆ ಇದ್ದರೆ ಕೆಲಸ ಸಾಗದೆಂದು ಪ್ರಕೃತಿ ರೈಬೋಸೋಮಿನ ಜೀನುಗಳ ನೂರಾರು ಪ್ರತಿಗಳನ್ನು ಒಂದರ ಹಿಂದೆ ಒಂದರಂತೆ ಸಾಲಾಗಿ ಜೋಡಿಸಿಟ್ಟಿದೆ. ಪ್ರತಿ ಪ್ರತಿಯಲ್ಲೂ 18 ಎಸ್, 5.8 ಎಸ್, 28 ಎಸ್ ಎಂಬ ಮೂರು ಭಾಗಗಳು, ಇದೇ ಕ್ರಮದಲ್ಲಿ. ಒಂದು ಪ್ರತಿಗೂ ಮುಂದಿನದಕ್ಕೂ ನಡುವೆ ಅಂತರದ ತುಂಡೊಂದಿದೆ; ಕೆಲಸ ಎಲ್ಲಿ ಶುರುವಾಗಬೇಕು, ಎಲ್ಲಿ ನಿಲ್ಲಬೇಕು ಎಂಬ ಗುರುತುಗಳು ಅಲ್ಲಿವೆ. ಪಿಯುಸಿ ಪುಸ್ತಕದ ಚಿತ್ರದಲ್ಲಿ ಕೋಶಕೇಂದ್ರದೊಳಗೆ ಕಪ್ಪು ಚುಕ್ಕೆಯಂತೆ ಕಾಣುವ ನ್ಯೂಕ್ಲಿಯೋಲಸ್ ಈ ಜೀನುಗಳ ಕಾರ್ಯಾಗಾರ. ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಹೆಸರು ಬರೆದು ಮರೆತುಬಿಡುವ ಚುಕ್ಕೆ ಅದು!

ಆ ಚುಕ್ಕೆಯ ಮೇಲೆ ಕಣ್ಣಿಟ್ಟವರು ದೂರದ ಚಿಲಿ ದೇಶದ ವಿಜ್ಞಾನಿಗಳು. ವಾಲ್ಡಿವಿಯಾ ನಗರದ ಆಸ್ಟ್ರಲ್ ವಿಶ್ವವಿದ್ಯಾಲಯದಲ್ಲಿ ಮಾನ್ಯುವೆಲ್ ಕ್ರಾಸ್ಕೋಫ್ ಮತ್ತು ಸಂಗಡಿಗರು 1980ರ ದಶಕದಿಂದ ಗೆಂಡೆ ಮೀನನ್ನು ಋತುಮಾನಕ್ಕೆ ತಕ್ಕಂತೆ ಪರೀಕ್ಷಿಸುತ್ತ ಬಂದರು. ಬೇಸಿಗೆಯಲ್ಲಿ ಹಿಡಿದ ಮೀನಿನ ಯಕೃತ್ತಿನ ಕೋಶವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನ್ಯೂಕ್ಲಿಯೋಲಸ್ಸಿನ ನಾರಿನಂಥ ಭಾಗವೂ ಹರಳಿನಂಥ ಭಾಗವೂ ಒಂದಕ್ಕೊಂದು ಹೆಣೆದುಕೊಂಡಿದ್ದವು. ಚಳಿಗಾಲದ ಮೀನಿನಲ್ಲಿ ಅವೆರಡೂ ಬೇರೆ ಬೇರೆಯಾಗಿ ನಿಂತಿದ್ದವು. ರೈಬೋಸೋಮಿನ ಆರ್‌ಎನ್‌ಎ ತಯಾರಿಕೆ ಇಳಿದಿತ್ತು. ಜೀನುಗಳು ಕಳೆದುಹೋಗಿರಲಿಲ್ಲ, ಬಾಗಿಲು ಹಾಕಿಕೊಂಡಿದ್ದವು, ಅಷ್ಟೆ. 2005ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಆ ದೇಶದ ಸಂಶೋಧಕರು ಬೀಗದ ಒಂದು ಭಾಗವನ್ನೂ ತೋರಿಸಿದರು. ಡಿಎನ್‌ಎ ಸುತ್ತಿಕೊಳ್ಳುವ ಹಿಸ್ಟೋನ್ ಪ್ರೋಟೀನುಗಳಲ್ಲಿ ಮ್ಯಾಕ್ರೋ ಎಚ್2ಎ ಎಂಬ ವಿಶೇಷ ಬಗೆಯೊಂದಿದ್ದು, ಅದರ ಪ್ರಮಾಣ ಋತುವಿನೊಂದಿಗೆ ಬದಲಾಗುತ್ತಿತ್ತು.

ಚಳಿಯಲ್ಲಿ ಗೆಂಡೆ ಮೇವನ್ನೇ ಬಹುಮಟ್ಟಿಗೆ ಬಿಡುತ್ತದೆ. ಆದಾಯವಿಲ್ಲದಾಗ ಹೊಸ ಮಗ್ಗ ಕೊಳ್ಳುವ ನೇಕಾರ ಎಲ್ಲಾದರೂ ಇದ್ದಾನೆಯೇ?

ಇನ್ನು ನಮ್ಮ ಊರಿನ ಮಾತು. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, ಅದೂ 1884ರ ಜನವರಿಯ ಒಂದು ದಿನ. ಹೆಬ್ಬಾಳ, ಜಕ್ಕೂರಿನ ಕೆರೆಗಳ ನೀರು ಚಿಲಿಯ ಹೊಳೆಯಂತೆ ತಿಂಗಳುಗಟ್ಟಲೆ ತಣ್ಣಗಿರುವುದಿಲ್ಲ. ಗೆಂಡೆ ಇಲ್ಲಿಯ ಮೂಲನಿವಾಸಿಯೂ ಅಲ್ಲ. ಜರ್ಮನ್ ತಳಿ 1939ರಲ್ಲಿ ಸಿಲೋನಿನಿಂದ ನೀಲಗಿರಿಗೆ ಬಂತು. ಬಯಲುಸೀಮೆಯ ಕೆರೆಗಳಿಗೆ ಹರಡಿದ್ದು 1957ರಲ್ಲಿ ಬ್ಯಾಂಕಾಕಿನಿಂದ ಕಟಕ್‌ಗೆ ಬಂದ ತಳಿ. ಬೆಚ್ಚನೆಯ ನೀರಿನಲ್ಲಿ ಅದು ಆರು ತಿಂಗಳಿಗೇ ಪ್ರಾಯಕ್ಕೆ ಬಂದು ಕೆರೆಯಲ್ಲೇ ಮೊಟ್ಟೆಯಿಡುತ್ತದೆ. ತಿಂದ ಮೇವು ಮೈಗೆ ಹತ್ತುವ ಬದಲು ಮೊಟ್ಟೆಗೆ ಹೋಗುತ್ತದೆ. ಮರಿಗಳ ದಂಡು ಮೇವಿಗೆ ಪೈಪೋಟಿ ನಡೆಸುತ್ತದೆ. ಬಲೆ ಎಳೆದ ರೈತನಿಗೆ ಸಿಗುವುದು ಬೆರಳುದ್ದದ ಮೀನು. ಸಂತೆಯಲ್ಲಿ ಅದನ್ನು ಕೇಳುವವರು ಕಡಿಮೆ.

ಯಲಹಂಕದಿಂದ ಹೆಚ್ಚು ದೂರವಿಲ್ಲದ ಹೆಸರಘಟ್ಟದಲ್ಲಿ, 1894ರಲ್ಲಿ ಅರ್ಕಾವತಿಗೆ ಕಟ್ಟೆ ಕಟ್ಟಿ ನಿರ್ಮಿಸಿದ ಕೆರೆಯ ಬಳಿ, ಮೀನುಗಾರಿಕೆ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ಅಲ್ಲಿಯ ವಿಜ್ಞಾನಿಗಳು ಬ್ರಿಟನ್ನಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದವರ ಜೊತೆಗೂಡಿ ಈ ತೊಡಕನ್ನು ತಳಿಯ ಕಡೆಯಿಂದ ಬಿಡಿಸಲು ಹೊರಟರು. ಹಂಗರಿಯಿಂದ ಅಮುರ್ ಗೆಂಡೆಯನ್ನು ತರಿಸಿ ಊರಿನ ಗೆಂಡೆಯ ಪಕ್ಕದಲ್ಲಿ ಬೆಳೆಸಿ ನೋಡಿದರು. ಅಮುರ್ ಬೇಗ ಬೆಳೆಯಿತು, ತಡವಾಗಿ ಪ್ರಾಯಕ್ಕೆ ಬಂತು. ರೈತನಿಗೆ ಬೇಕಾದದ್ದೂ ಅದೇ. ಹಾಗೆಂದು ಇದನ್ನು ರೈಬೋಸೋಮಿನ ಮಹಿಮೆ ಎಂದುಕೊಳ್ಳಬಾರದು. ಪ್ರಾಯಕ್ಕೆ ಬರುವ ಕಾಲವನ್ನು ನಿರ್ಧರಿಸುವ ಜೀನುಗಳು, ಹಾರ್ಮೋನುಗಳು ಬೇರೆ. ನೀರಿನ ಶಾಖ ಮಾತ್ರ ಎರಡು ಕಡೆಯೂ ಕೈಯಾಡಿಸುತ್ತದೆ.

ಬೆಂಗಳೂರಿನಲ್ಲಿ ಒಗ್ಗಿದ ಅಮುರ್ ಮರಿಗಳು ಮುಂದೆ ಈಶಾನ್ಯ ರಾಜ್ಯಗಳ ಕೊಳಗಳಿಗೂ ಪ್ರಯಾಣ ಬೆಳೆಸಿದವು. ಅಲ್ಲಿಯ ಗುಡ್ಡಗಾಡಿನ ಚಳಿ ಯಲಹಂಕದ ಮಫ್ಲರಿನ ಚಳಿಯಲ್ಲ. ಹೆಸರಘಟ್ಟದಲ್ಲಿ ವರ್ಷವಿಡೀ ಮೇಯುತ್ತಿದ್ದ ಮೀನಿನ ಸಂತತಿಗೆ ಅಲ್ಲಿ ಮತ್ತೆ ನಿಜವಾದ ಚಳಿಗಾಲ ಎದುರಾಯಿತು.